28 ಪೌಂಡಿನ ಲೆಕ್ಕ: ಜಾನ್ ವೆಸ್ಲಿಯವರ ಬದುಕು

ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಬಾಸೆಲ್ ಮಿಷನ್ ಅಂದರೆ ವಿವರಿಸಿ ಹೇಳಬೇಕಾಗಿಲ್ಲ. ಹಂಚಿನ ಕಾರ್ಖಾನೆ, ಬಟ್ಟೆ ನೇಯ್ಗೆ, ಕಿಟೆಲ್ ನಿಘಂಟು ಎಲ್ಲ ಆ ಹೆಸರಿನೊಟ್ಟಿಗೇ ನೆನಪಿಗೆ ಬರ್ತದೆ. ಘಟ್ಟ ಹತ್ತಿ ಮೈಸೂರು, ತುಮಕೂರು ಕಡೆ ಹೋದರೆ ಹಳಬರ ಬಾಯಲ್ಲಿ ಕೇಳುವುದು ಇನ್ನೊಂದು ಹೆಸರು, ವೆಸ್ಲಿಯನ್ ಮಿಷನ್. ಮೈಸೂರಿನ ಮಿಷನ್ ಆಸ್ಪತ್ರೆ ಅವರದ್ದು, ವೆಸ್ಲಿ ಪ್ರೆಸ್ಸು ಅವರದ್ದು, ಹಾರ್ಡ್‌ವಿಕ್ ಶಾಲೆ ಅವರದ್ದು. ಗುಬ್ಬಿಯಂಥ ಊರಲ್ಲಿ ಕೂತು ಕನ್ನಡ ಕಲಿತ ಪಾದ್ರಿಗಳೂ ಅವರವರೇ. 1947ರಲ್ಲಿ ಸಿ.ಎಸ್.ಐ. ಸಭೆ ಆದಾಗ ಈ ವೆಸ್ಲಿಯನ್ನರೂ ಅದರಲ್ಲಿ ಸೇರಿಕೊಂಡರು. ಬೀದರ್, ಕೋಲಾರ ಕಡೆಯ ಮೆಥಡಿಸ್ಟರು ಅಮೆರಿಕದ ದಾರಿಯಿಂದ ಬಂದವರು, ಆದರೆ ಮೂಲ ಪುರುಷ ಅದೇ ವೆಸ್ಲಿ.

ಆಸ್ಪತ್ರೆ, ಶಾಲೆ ನೋಡಿದವರು ಬಹಳ ಜನ. ಆ ಹೆಸರಿನ ಮನುಷ್ಯ ಯಾರು, ಹೇಗೆ ಬದುಕಿದರು ಅಂತ ಕೇಳಿದರೆ ಹೇಳುವವರು ಕಡಿಮೆ. ಅವರು ಭಾರತಕ್ಕೆ ಬಂದವರಲ್ಲ. ಮೈಸೂರಿಗೆ ಮಿಷನ್ ಬರುವ ಹೊತ್ತಿಗೆ ಅವರು ತೀರಿಹೋಗಿ ಎಷ್ಟೋ ವರ್ಷ ಆಗಿತ್ತು.

ನಾನು ಬಿ.ಕಾಂ. ಓದಿ ಗಲ್ಫಿಗೆ ಬಂದು ಲೆಕ್ಕ ಬರೆಯುವವನು. ದೇವಶಾಸ್ತ್ರ ನನ್ನ ಪಾಠ ಅಲ್ಲ. ವೆಸ್ಲಿಯವರ ವಿಷಯದಲ್ಲಿ ನನ್ನ ಗಮನ ಸೆಳೆದದ್ದು ಅವರ ಪ್ರಸಂಗಗಳಿಗಿಂತ ಮೊದಲು ಅವರ ಖರ್ಚಿನ ಪುಸ್ತಕ. ಸಂಬಳ ಏರಿದ ಹಾಗೆ ಖರ್ಚು ಏರ್ತದೆ, ಖರ್ಚು ಏರಿದ ಹಾಗೆ ಓವರ್‌ಟೈಮ್ ಏರ್ತದೆ, ಪ್ರಾರ್ಥನೆಗೆ ಇಟ್ಟ ಸಮಯ ತನ್ನಿಂದ ತಾನೇ ಇಳಿದು ಹೋಗ್ತದೆ. ಇಲ್ಲಿ ಹತ್ತು ವರ್ಷ ಕಳೆದವರಿಗೆಲ್ಲ ಇದು ಗೊತ್ತಿರುವ ವಿಷಯವೇ. ಮುನ್ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಇದೇ ತೊಂದರೆಯನ್ನು ಪೆನ್ನು ಹಿಡಿದು, ಅಂಕಿ ಹಾಕಿ ಎದುರಿಸಿದರು.

ಜಾನ್ ವೆಸ್ಲಿ ಹುಟ್ಟಿದ್ದು 1703ರಲ್ಲಿ, ಇಂಗ್ಲೆಂಡಿನ ಲಿಂಕನ್‌ಶೈರಿನ ಎಪ್‌ವರ್ತ್ ಎಂಬ ಸಣ್ಣ ಊರಲ್ಲಿ. ಅಪ್ಪ ಸ್ಯಾಮ್ಯುಯೆಲ್ ಅಲ್ಲಿನ ಚರ್ಚಿನ ಪಾದ್ರಿ. ತಾಯಿ ಸುಸನ್ನಾ ಹೆತ್ತದ್ದು 19 ಮಕ್ಕಳನ್ನು, ಬದುಕಿ ಬೆಳೆದವರು ಅದರ ಅರ್ಧದಷ್ಟು. ಪಾದ್ರಿಯ ಮನೆ ಅಂದರೆ ಗೌರವ ಇತ್ತು, ಹಣ ಇರಲಿಲ್ಲ. ಅಪ್ಪ ಒಳ್ಳೆಯ ವಿದ್ವಾಂಸರು, ಆದರೆ ಲೆಕ್ಕದಲ್ಲಿ ಬಹಳ ಹಿಂದೆ. 1705ರಲ್ಲಿ, ಜಾನ್ ಇನ್ನೂ ಎರಡು ವರ್ಷದ ಮಗು, 30 ಪೌಂಡಿಗಿಂತಲೂ ಕಡಿಮೆಯ ಒಂದು ಸಾಲಕ್ಕೆ ಸ್ಯಾಮ್ಯುಯೆಲ್ ಅವರನ್ನು ಲಿಂಕನ್ ಕೋಟೆಯ ಜೈಲಿಗೆ ಹಾಕಿದರು. ಚುನಾವಣೆಯಲ್ಲಿ ಎದುರು ಪಕ್ಷ ಕಟ್ಟಿಕೊಂಡದ್ದಕ್ಕೆ ಸಾಲ ಕೊಟ್ಟವರು ಹಗೆ ತೀರಿಸಿಕೊಂಡದ್ದು ಅದು. ಕೆಲವು ತಿಂಗಳು ಅವರು ಒಳಗಿದ್ದರು, ಹೊರಗೆ ಸುಸನ್ನಾ ಮಕ್ಕಳನ್ನು ಇಟ್ಟುಕೊಂಡು ಮನೆ ನಡೆಸಿದರು. ಸಾಲ ಅಂದರೆ ಏನು, ಅದು ಮನೆಯೊಳಗೆ ಏನು ಮಾಡ್ತದೆ ಅಂತ ಆ ಮನೆಯ ಮಕ್ಕಳಿಗೆ ಯಾರೂ ಪಾಠ ಹೇಳಿಕೊಡಬೇಕಾಗಿರಲಿಲ್ಲ.

1709ರ ಫೆಬ್ರವರಿಯಲ್ಲಿ ರಾತ್ರಿ ಹೊತ್ತು ಪಾದ್ರಿ ಮನೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ಬಂದ ಮೇಲೆ ನೋಡಿದರೆ ಐದು ವರ್ಷದ ಜಾನ್ ಇಲ್ಲ. ಮಾಳಿಗೆಯ ಕಿಟಕಿಯಲ್ಲಿ ಹುಡುಗ ನಿಂತಿದ್ದ. ಏಣಿ ತರುವಷ್ಟು ಹೊತ್ತಿರಲಿಲ್ಲ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತು ಹುಡುಗನನ್ನು ಎಳೆದುಕೊಂಡರು, ಸ್ವಲ್ಪದರಲ್ಲೇ ಮಾಡು ಕುಸಿಯಿತು. ಆ ಉಳಿದ ಜೀವ ದೇವರದ್ದು ಅಂತ ತಾಯಿ ನಂಬಿದರು, ಮಗನೂ ಕೊನೆ ತನಕ ನಂಬಿದರು. ಸುಸನ್ನಾ ಮಕ್ಕಳಿಗೆ ಮನೆಯಲ್ಲೇ ಶಾಲೆ ನಡೆಸುತ್ತಿದ್ದರು, ವಾರದಲ್ಲಿ ಒಂದೊಂದು ದಿನ ಸಂಜೆ ಒಂದೊಂದು ಮಗುವಿನೊಟ್ಟಿಗೆ ಕೂತು ಮಾತಾಡುತ್ತಿದ್ದರು. ಜಾನ್‌ಗೆ ಗುರುವಾರ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ, ಆದರೂ ಆ ಗುರುವಾರ ತಪ್ಪುತ್ತಿರಲಿಲ್ಲ.

ಲಂಡನಿನ ಚಾರ್ಟರ್‌ಹೌಸ್ ಶಾಲೆ, ಆಮೇಲೆ 1720ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು. 1726ರಲ್ಲಿ ಲಿಂಕನ್ ಕಾಲೇಜಿನಲ್ಲಿ ಫೆಲೋ ಆದರು. ಅದು ಒಂದು ಖಾಯಂ ಆದಾಯದ ಜಾಗ. ತಮ್ಮ ಚಾರ್ಲ್ಸ್ ಕೂಡ ಆಕ್ಸ್‌ಫರ್ಡಿಗೆ ಬಂದು 1729ರ ಸುಮಾರಿಗೆ ಗೆಳೆಯರ ಒಂದು ಗುಂಪು ಕಟ್ಟಿದ್ದರು, ಅದಕ್ಕೆ ಜಾನ್ ಮುಂದಾಳು ಆದರು. ಇವರು ಗಂಟೆ ನೋಡಿ ಪ್ರಾರ್ಥನೆ ಮಾಡುವುದು, ಉಪವಾಸ ಇರುವುದು, ಜೈಲಿನ ಕೈದಿಗಳನ್ನು ಹೋಗಿ ನೋಡುವುದು, ಬಡ ಮಕ್ಕಳಿಗೆ ಶಾಲೆ ನಡೆಸುವುದು. ಎಲ್ಲವನ್ನೂ ಕ್ರಮ ಪ್ರಕಾರ ಮಾಡ್ತಾರೆ ಅಂತ ಉಳಿದ ಹುಡುಗರು ಮೆಥಡಿಸ್ಟರು ಎಂದು ಗೇಲಿ ಮಾಡಿದರು. ಗೇಲಿಯ ಹೆಸರೇ ಕೊನೆಗೆ ಬೋರ್ಡಿನ ಮೇಲೆ ಬಂತು.

ಈಗ ಆ ಖರ್ಚಿನ ಪುಸ್ತಕಕ್ಕೆ ಬರುವ. ಒಂದು ಚಳಿಗಾಲದ ದಿನ ಅವರ ಶಾಲೆಯ ಒಬ್ಬಳು ಬಡ ಹುಡುಗಿ ಅವರ ಕೋಣೆಗೆ ಬಂದಳು. ಮೈಮೇಲೆ ಇದ್ದದ್ದು ತೆಳ್ಳಗಿನ ಒಂದು ಬಟ್ಟೆ, ಬೇರೆ ಏನೂ ಇಲ್ಲ. ವೆಸ್ಲಿ ಏನಾದರೂ ಕೊಡುವ ಅಂತ ಕಿಸೆಗೆ ಕೈ ಹಾಕಿದರೆ ಹೆಚ್ಚುಕಡಿಮೆ ಖಾಲಿ. ಕೋಣೆಯ ಗೋಡೆಯಲ್ಲಿ ತಾವು ದುಡ್ಡು ಕೊಟ್ಟು ತಂದು ತೂಗುಹಾಕಿದ ಚಿತ್ರಗಳು. ಆ ದುಡ್ಡು ಈ ಹುಡುಗಿಯ ಮೈಗೆ ಒಂದು ದಪ್ಪ ಬಟ್ಟೆ ಆಗಬಹುದಿತ್ತಲ್ಲ ಎಂಬುದು ಅವರಿಗೆ ಚುಚ್ಚಿತು. ವರ್ಷಗಟ್ಟಲೆ ಕಳೆದ ಮೇಲೆ, ಬಟ್ಟೆಬರೆಯ ಬಗ್ಗೆ ಒಂದು ಪ್ರಸಂಗ ಬರೆಯುವಾಗಲೂ ಆ ಹುಡುಗಿ ಅವರ ನೆನಪಿನಿಂದ ಹೋಗಿರಲಿಲ್ಲ.

ಇನ್ನೊಂದು ಪ್ರಸಂಗದಲ್ಲಿ ಹೆಸರು ಹೇಳದೆ ಆಕ್ಸ್‌ಫರ್ಡಿನ ಒಬ್ಬ ಮೆಥಡಿಸ್ಟನ ಲೆಕ್ಕ ಕೊಟ್ಟಿದ್ದಾರೆ. ಅದು ಅವರದೇ ಲೆಕ್ಕ ಅಂತ ಅವರ ಚರಿತ್ರೆ ಬರೆದವರು ತಿಳಿಯುತ್ತಾರೆ. ಮೊದಲ ವರ್ಷ ಆದಾಯ 30 ಪೌಂಡ್, ಖರ್ಚು 28, ಬಡವರಿಗೆ ಕೊಟ್ಟದ್ದು 2. ಮರುವರ್ಷ ಆದಾಯ 60, ಖರ್ಚು ಮತ್ತೆ 28, ಕೊಟ್ಟದ್ದು 32. ಮೂರನೇ ವರ್ಷ 90 ಬಂತು, 28 ಇಟ್ಟುಕೊಂಡು 62 ಕೊಟ್ಟರು. ನಾಲ್ಕನೇ ವರ್ಷ 120 ಬಂತು, 28ರಲ್ಲೇ ಬದುಕಿ 92 ಕೊಟ್ಟರು.

ಲೆಕ್ಕದವನಾಗಿ ನಾನು ಈ ನಾಲ್ಕು ಸಾಲನ್ನು ಎಷ್ಟೋ ಸಲ ನೋಡಿದ್ದೇನೆ. ಮೊದಲ ವರ್ಷ ಅವರು ಕೊಟ್ಟದ್ದು ದಶಮಾಂಶಕ್ಕಿಂತಲೂ ಕಡಿಮೆ, ಗಮನಿಸಿದಿರಾ? ಮೂವತ್ತರಲ್ಲಿ ಹತ್ತನೇ ಒಂದು ಪಾಲು ಮೂರು ಆಗ್ತದೆ, ಇವರು ಕೊಟ್ಟದ್ದು ಎರಡೇ. ನಾಲ್ಕನೇ ವರ್ಷ ದಶಮಾಂಶ ಹನ್ನೆರಡು ಪೌಂಡ್ ಕೊಟ್ಟು ಸುಮ್ಮನಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ, ಇವರು ಕೊಟ್ಟದ್ದು ತೊಂಬತ್ತೆರಡು. ನಾವು ಸಾಮಾನ್ಯವಾಗಿ ಕೊಡುವ ಪಾಲನ್ನು ಫಿಕ್ಸ್ ಮಾಡ್ತೇವೆ, ಖರ್ಚನ್ನು ಸಂಬಳದೊಟ್ಟಿಗೆ ಓಡಲಿಕ್ಕೆ ಬಿಡ್ತೇವೆ. ಅವರು ಖರ್ಚನ್ನು ಫಿಕ್ಸ್ ಮಾಡಿ ಕೊಡುವುದನ್ನು ಓಡಲಿಕ್ಕೆ ಬಿಟ್ಟರು. ಇಲ್ಲಿ ಷೇರಿಂಗ್ ರೂಮಿನಿಂದ ಸ್ಟುಡಿಯೋಗೆ, ಸ್ಟುಡಿಯೋದಿಂದ ಎರಡು ಬೆಡ್‌ರೂಮಿಗೆ, ಸಣ್ಣ ಕಾರಿನಿಂದ ದೊಡ್ಡ ಕಾರಿಗೆ ಹೋಗುವಾಗ ಪ್ರತಿಯೊಂದು ಮೆಟ್ಟಿಲಿಗೂ ಒಂದು ಕಾರಣ ಇರ್ತದೆ, ಒಳ್ಳೆಯ ಕಾರಣವೇ ಇರ್ತದೆ. ಇಎಂಐ ಮುಗಿಯುವ ತಿಂಗಳಿಗೆ ಸರಿಯಾಗಿ ಬ್ಯಾಂಕಿನವರು ಫೋನ್ ಮಾಡಿ ಟಾಪ್‌ಅಪ್ ಬೇಕಾ ಸರ್ ಅಂತ ಕೇಳ್ತಾರೆ.

ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಆಗ ಮನಸ್ಸಿಗೆ ಸಮಾಧಾನ ಇತ್ತಾ? ಇರಲಿಲ್ಲ. ಇದು ಅವರ ಬದುಕಿನ ಮುಖ್ಯ ತಿರುವು, ಮೆಥಡಿಸ್ಟರು ಹೆಚ್ಚು ಹೇಳುವ ಕಥೆಯೂ ಇದೇ. 1735ರಲ್ಲಿ ಅಮೆರಿಕದ ಜಾರ್ಜಿಯಾ ಕಾಲೊನಿಗೆ ಪಾದ್ರಿಯಾಗಿ ಹಡಗು ಹತ್ತಿದರು. ನಡು ಸಮುದ್ರದಲ್ಲಿ ಬಿರುಗಾಳಿ ಬಂದು ಹಾಯಿ ಹರಿಯಿತು, ನೀರು ಡೆಕ್ಕಿನ ಮೇಲೆ ನುಗ್ಗಿತು, ಇಂಗ್ಲಿಷರು ಕಿರುಚಿದರು. ಅದೇ ಹಡಗಿನಲ್ಲಿದ್ದ ಜರ್ಮನ್ ಮೊರೇವಿಯನ್ ಪಂಗಡದವರು ಹೆಂಗಸರು, ಮಕ್ಕಳ ಸಮೇತ ಕೀರ್ತನೆ ಹಾಡುತ್ತಾ ಕೂತಿದ್ದರು. ಎಲ್ಲ ನಿಯಮ ಪಾಲಿಸಿದ ಆಕ್ಸ್‌ಫರ್ಡ್ ಪಾದ್ರಿಗೆ ಸಾವಿನ ಹೆದರಿಕೆ, ಆ ಸಾಧಾರಣ ಜನಕ್ಕೆ ಇಲ್ಲ. ಈ ಅಂತರ ಅವರಿಗೆ ಮರೆಯಲಿಕ್ಕೆ ಆಗಲಿಲ್ಲ.

ಜಾರ್ಜಿಯಾದಲ್ಲಿ ಕೆಲಸ ಕೆಟ್ಟಿತು. ಸೋಫಿ ಹಾಪ್ಕಿ ಎಂಬ ಹುಡುಗಿಯನ್ನು ಮೆಚ್ಚಿದರು, ಮದುವೆ ಆಗುವುದಾ ಬೇಡವಾ ಅಂತ ನಿರ್ಧರಿಸಲಿಕ್ಕೆ ಆಗದೆ ದಿನ ತಳ್ಳಿದರು, ಅವಳು ಬೇರೊಬ್ಬನನ್ನು ಮದುವೆಯಾದಳು. ಆಮೇಲೆ ಅವಳಿಗೆ ಪ್ರಭು ಭೋಜನ ಕೊಡಲಿಕ್ಕೆ ಇವರು ನಿರಾಕರಿಸಿದರು. ಅವಳು ಅಲ್ಲಿನ ಮುಖ್ಯ ಅಧಿಕಾರಿಯ ಕಡೆಯವಳು, ಕೇಸು ಆಯಿತು. ನಿಯಮ ಹಿಡಿದುಕೊಂಡು ನಡೆದದ್ದು ಅಂತ ವೆಸ್ಲಿ ಹೇಳಬಹುದು, ಊರವರು ಬೇರೆಯೇ ಹೇಳಿದರು, ನನಗೆ ಊರವರ ಮಾತಿನಲ್ಲೂ ಸ್ವಲ್ಪ ಸತ್ಯ ಇದ್ದ ಹಾಗೆ ಕಾಣ್ತದೆ. 1737ರ ಡಿಸೆಂಬರಿನಲ್ಲಿ ಅವರು ಸೋತು ವಾಪಸ್ ಹೊರಟರು. ಪರದೇಶಕ್ಕೆ ದೊಡ್ಡ ಆಸೆಯಿಂದ ಹೋಗಿ ಎರಡೇ ವರ್ಷದಲ್ಲಿ ಕೈ ಖಾಲಿ ಮಾಡಿಕೊಂಡು ಬಂದವನ ಮುಖ ಹೇಗಿರ್ತದೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ.

1738ರ ಮೇ 24, ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಪ್ರಾರ್ಥನಾಕೂಟ. ಹೋಗಲಿಕ್ಕೆ ಮನಸ್ಸಿಲ್ಲದೆಯೇ ಹೋದದ್ದು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ತನ್ನ ಎದೆ ಬೆಚ್ಚಗಾಯಿತು, ಕ್ರಿಸ್ತನೊಬ್ಬನ ಮೇಲೇ ಭರವಸೆ ಇಟ್ಟೆ ಎಂಬ ಅರ್ಥದಲ್ಲಿ ದಿನಚರಿಯಲ್ಲಿ ಬರೆದುಕೊಂಡರು. ಬೇರೆ ದರ್ಶನ ಇಲ್ಲ, ಪವಾಡ ಇಲ್ಲ. ಲೆಕ್ಕದವರು ಹೊತ್ತನ್ನೂ ಬರೆದಿಟ್ಟರು ಅಷ್ಟೇ. ಹದಿಮೂರು ವರ್ಷ ಪಟ್ಟಿ ಹಾಕಿ ದೇವರನ್ನು ಮೆಚ್ಚಿಸಲಿಕ್ಕೆ ನೋಡಿದ ಮನುಷ್ಯ ಆ ರಾತ್ರಿಯಿಂದ ನಂಬಿಕೆ ಅಂದರೆ ಭರವಸೆ ಅಂತ ಸರಳ ಮಾಡಿಕೊಂಡರು. ಖರ್ಚಿನ ಪುಸ್ತಕವನ್ನು ಮಾತ್ರ ಮುಚ್ಚಲಿಲ್ಲ. ಮೊದಲು ಅದನ್ನು ಭಯದಿಂದ ಬರೆಯುತ್ತಿದ್ದರು, ಆಮೇಲೆ ಒಡೆಯನ ದುಡ್ಡು ನೋಡಿಕೊಳ್ಳುವ ಮೇನೇಜರನ ಹಾಗೆ ಬರೆದರು ಅಂತ ನಾನು ತಿಳಿದುಕೊಂಡಿದ್ದೇನೆ.

ಮರುವರ್ಷ 1739ರ ಏಪ್ರಿಲ್ 2ರಂದು ಬ್ರಿಸ್ಟಲ್ ಹತ್ತಿರ ಮೊದಲ ಸಲ ಬಯಲಿನಲ್ಲಿ ನಿಂತು ಪ್ರಸಂಗ ಮಾಡಿದರು. ಗೆಳೆಯ ಜಾರ್ಜ್ ವಿಟ್‌ಫೀಲ್ಡ್ ಒತ್ತಾಯಿಸಿ ಕರೆದದ್ದು. ಚರ್ಚಿನ ಹೊರಗೆ ಪ್ರಸಂಗ ಮಾಡುವುದೆಂದರೆ ಪಾಪ ಅಂತಲೇ ಅಂದುಕೊಂಡಿದ್ದ ಶಿಸ್ತಿನ ಮನುಷ್ಯ ಅವರು. ಹತ್ತಿರದ ಕಿಂಗ್ಸ್‌ವುಡ್ಡಿನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳಿದ್ದರು. ಬೆಳಗ್ಗೆ ಕತ್ತಲಲ್ಲಿ ನೆಲದೊಳಗೆ ಇಳಿದು ಕತ್ತಲಾದ ಮೇಲೆ ಹೊರಬರುವ ಜನ, ಅವರನ್ನು ಚರ್ಚಿನ ಬೆಂಚಿಗೆ ಕರೆಯುವವರು ಯಾರೂ ಇರಲಿಲ್ಲ. ವೆಸ್ಲಿ ಐದು ಗಂಟೆಗೆಲ್ಲ ಪ್ರಸಂಗ ಶುರು ಮಾಡುತ್ತಿದ್ದರು, ಕೂಲಿಗೆ ಹೋಗುವವರಿಗೆ ಅನುಕೂಲ ಆಗಲಿ ಅಂತ. ತಾವು ನಾಲ್ಕಕ್ಕೆ ಏಳುತ್ತಿದ್ದರು. ಗ್ರೀಕ್, ಲ್ಯಾಟಿನ್ ತಿಳಿದ ಪಂಡಿತ, ಆದರೆ ಸಾಧಾರಣ ಜನರಿಗೆ ಅರ್ಥ ಆಗದ ಶಬ್ದ ಬಳಸುವುದಿಲ್ಲ ಅಂತ ಪ್ರಸಂಗಗಳ ಮುನ್ನುಡಿಯಲ್ಲೇ ಬರೆದರು. ಹುಟ್ಟಿದ ಊರಿನ ಚರ್ಚಿನಲ್ಲಿ 1742ರಲ್ಲಿ ಜಾಗ ಕೊಡದಿದ್ದಾಗ ಹೊರಗೆ ಅಂಗಳದಲ್ಲಿದ್ದ ಅಪ್ಪನ ಸಮಾಧಿಯ ಕಲ್ಲಿನ ಮೇಲೆ ಹತ್ತಿ ನಿಂತು ಪ್ರತಿ ಸಂಜೆ ಪ್ರಸಂಗ ಮಾಡಿದರು. ಕೆಲವು ಕಡೆ ಗುಂಪು ಕಟ್ಟಿ ಹೊಡೆಯಲಿಕ್ಕೆ ಬಂದದ್ದೂ ಉಂಟು.

ಬ್ರಿಸ್ಟಲಿನ ಒಂದು ಸಂಗತಿ ನನಗೆ ಬಹಳ ಇಷ್ಟ. ಅಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರದ ಮೇಲೆ ಸಾಲ ಇತ್ತು. 1742ರ ಫೆಬ್ರವರಿಯಲ್ಲಿ ಸಾಲ ತೀರಿಸುವುದು ಹೇಗೆ ಅಂತ ಸಭೆ ಕೂತಾಗ ಕ್ಯಾಪ್ಟನ್ ಫಾಯ್ ಎಂಬವರು ಒಂದು ದಾರಿ ಹೇಳಿದರು, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ. ಅಷ್ಟೂ ಕೊಡಲಿಕ್ಕೆ ಆಗದ ಬಡವರಿದ್ದಾರೆ ಅಂತ ಯಾರೋ ಅಂದರು. ಹಾಗಾದರೆ ಅಂಥ ಹನ್ನೊಂದು ಮಂದಿಯನ್ನು ನನ್ನ ಲೆಕ್ಕಕ್ಕೆ ಹಾಕಿ, ನಾನು ವಾರ ವಾರ ಅವರ ಮನೆಗೆ ಹೋಗುತ್ತೇನೆ, ಅವರಿಗೆ ಆಗದಿದ್ದರೆ ಅವರದ್ದೂ ನಾನೇ ಹಾಕುತ್ತೇನೆ ಎಂದು ಅವರು ಒಪ್ಪಿಕೊಂಡರು. ಉಳಿದವರೂ ಹಾಗೆಯೇ ಹನ್ನೊಂದು, ಹನ್ನೊಂದು ಹಂಚಿಕೊಂಡರು. ಪೆನ್ನಿ ಕೇಳಲಿಕ್ಕೆ ಮನೆಗೆ ಹೋದಾಗ ಗೊತ್ತಾಗ್ತದಲ್ಲ, ಯಾರ ಮನೆಯಲ್ಲಿ ಕಾಯಿಲೆ, ಯಾರು ಮತ್ತೆ ಕುಡಿಯಲಿಕ್ಕೆ ಶುರು ಮಾಡಿದ್ದಾರೆ, ಯಾರು ಹೆಂಡತಿಗೆ ಹೊಡೀತಾರೆ. ವಸೂಲಿಗೆ ಮಾಡಿದ ಏರ್ಪಾಡು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಏರ್ಪಾಡಾಯಿತು. ಮುಂದೆ ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಅಂತ ಲೋಕಪ್ರಸಿದ್ಧ ಆದದ್ದು ಇದೇ. ನಮ್ಮಲ್ಲಿ ರೂಮಿನವರು ಸೇರಿ ಚೀಟಿ ಹಾಕ್ತಾರಲ್ಲ, ಅದರಲ್ಲಿ ಹಣಕ್ಕಿಂತ ಹೆಚ್ಚು ಸುದ್ದಿ ತಿರುಗುವುದನ್ನು ಕಂಡವರಿಗೆ ಇದು ಹೇಗೆ ಆಯಿತು ಅಂತ ತಕ್ಷಣ ಅರ್ಥ ಆಗ್ತದೆ.

ಲಂಡನಿನಲ್ಲಿ ಫಿರಂಗಿ ಎರಕ ಹೊಯ್ಯುತ್ತಿದ್ದ ಒಂದು ಹಾಳು ಕಟ್ಟಡವನ್ನು ತೆಗೆದುಕೊಂಡು ಅದನ್ನೇ ಕೇಂದ್ರ ಮಾಡಿದರು. ಅಲ್ಲಿ ಬಡವರಿಗೆ ಉಚಿತ ಔಷಧಿ, ಮಕ್ಕಳಿಗೆ ಶಾಲೆ, ವಿಧವೆಯರಿಗೆ ಮನೆ. 1746ರಲ್ಲಿ ಸಾಲ ಕೊಡುವ ನಿಧಿಯೊಂದನ್ನು ಶುರು ಮಾಡಿದರು. ಸಂಗ್ರಹ ಆದದ್ದು ಸುಮಾರು 30 ಪೌಂಡ್. ಒಬ್ಬರಿಗೆ ಹೆಚ್ಚೆಂದರೆ 20 ಶಿಲ್ಲಿಂಗ್, ಅಂದರೆ ಒಂದು ಪೌಂಡ್. ವಾರ ವಾರ ಕಟ್ಟಿ ಮೂರು ತಿಂಗಳಲ್ಲಿ ತೀರಿಸಬೇಕು. ಒಂದೂವರೆ ವರ್ಷದಲ್ಲಿ ಸುಮಾರು 250 ಜನಕ್ಕೆ ಇದರಿಂದ ಸಹಾಯ ಆಯಿತು. 30 ಪೌಂಡ್ ಮೂರು ತಿಂಗಳಿಗೊಮ್ಮೆ ಆರು ಸುತ್ತು ತಿರುಗಿದರೆ 180 ಪೌಂಡ್ ಆಗ್ತದೆ, 250 ಜನಕ್ಕೆ ಹಂಚಿದರೆ ತಲೆಗೆ ಒಂದು ಪೌಂಡೂ ಬೀಳುವುದಿಲ್ಲ. ಅಂದರೆ ಚಪ್ಪಲಿ ಹೊಲಿಯುವವನಿಗೆ ಚರ್ಮ ಕೊಳ್ಳಲಿಕ್ಕೆ ಬೇಕಾದಷ್ಟು, ಅಂಥ ಸಾಲ. ಮುಂದೆ ನಿಧಿ ದೊಡ್ಡದಾಗಿ 5 ಪೌಂಡ್ ತನಕ ಕೊಡುವ ಹಾಗಾಯಿತು. ಹಾಗೆ 5 ಪೌಂಡ್ ತೆಗೆದುಕೊಂಡ ಜೇಮ್ಸ್ ಲಾಕಿಂಗ್ಟನ್ ಎಂಬ ಚಪ್ಪಲಿ ಹೊಲಿಯುವವರು ಹಳೆ ಪುಸ್ತಕದ ಅಂಗಡಿ ಇಟ್ಟು ಲಂಡನಿನ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲಿ ಒಬ್ಬರಾದರು. ದುಡ್ಡು ಬಂದ ಮೇಲೆ ಮೆಥಡಿಸ್ಟರನ್ನು ಬಿಟ್ಟು, ಅವರನ್ನು ಗೇಲಿ ಮಾಡಿ ಆತ್ಮಕಥೆ ಬರೆದರು. ವಯಸ್ಸಾದ ಮೇಲೆ ಅದಕ್ಕೆ ಪಶ್ಚಾತ್ತಾಪಪಟ್ಟು ಇನ್ನೊಂದು ಪುಸ್ತಕ ಬರೆದದ್ದೂ ಉಂಟು.

ಅದೇ 1746ರಲ್ಲಿ ವೆಸ್ಲಿ ಚಹಾ ಬಿಟ್ಟರು. ನಗಬೇಡಿ. ಆಗ ಇಂಗ್ಲೆಂಡಿನಲ್ಲಿ ಚಹಾ ತುಟ್ಟಿಯ ಸಾಮಾನು, ಬಡವರೂ ಅದರ ಹಿಂದೆ ಬಿದ್ದಿದ್ದರು. ಕೈ ನಡುಗುವುದು ಚಹಾದಿಂದಲೇ ಅಂತ ಅವರಿಗೆ ಅನುಮಾನ ಇತ್ತು, ಉಳಿದ ದುಡ್ಡು ಹಸಿದವರಿಗೆ ಹೋಗ್ತದೆ ಎಂಬ ಲೆಕ್ಕವೂ ಇತ್ತು. ಮೊದಲ ಮೂರು ದಿನ ತಲೆನೋವು ಬಂತು. ಹತ್ತು ಹನ್ನೆರಡು ವರ್ಷ ಬಿಟ್ಟಿದ್ದು, ಆಮೇಲೆ ಡಾಕ್ಟರು ಹೇಳಿದ್ದಕ್ಕೆ ಮತ್ತೆ ಕುಡಿಯಲಿಕ್ಕೆ ಶುರು ಮಾಡಿದರು. ಕರಕ್ ಚಾಯ ಇಲ್ಲದೆ ಶಿಫ್ಟ್ ಶುರುವಾಗದ ನಾವು ಈ ಭಾಗವನ್ನು ಬೇಗ ದಾಟಿ ಹೋಗುವುದೇ ಒಳ್ಳೆಯದು ಮಾರಾಯ್ರೆ.

ಹಣದ ಬಗ್ಗೆ ಅವರ ಪ್ರಸಂಗ 1760ರಲ್ಲಿ ಅಚ್ಚಾಯಿತು. ಸಾರ ಮೂರೇ ಮಾತು: ಆದಷ್ಟು ದುಡಿ, ಆದಷ್ಟು ಉಳಿಸು, ಆದಷ್ಟು ಕೊಡು. ಮೊದಲ ಎರಡನ್ನು ಯಾವ ಬ್ಯಾಂಕಿನವರೂ ಒಪ್ಪುತ್ತಾರೆ. ಆದರೆ ಮೊದಲನೆಯದಕ್ಕೇ ಅವರು ಬೇಲಿ ಹಾಕಿದ್ದರು. ಆರೋಗ್ಯ ಕೆಡಿಸಿಕೊಂಡು, ನಿದ್ದೆ ಊಟ ಬಿಟ್ಟು ದುಡಿಯಬಾರದು. ಇನ್ನೊಬ್ಬನ ಮೈ ಮನೆ ಹಾಳು ಮಾಡಿ ದುಡಿಯಬಾರದು. ಸಾರಾಯಿ ಮಾರಿ ದುಡ್ಡು ಮಾಡಿದವರ ಬಗ್ಗೆ ಅವರು ಬರೆದದ್ದು ಬಹಳ ಖಾರ. 1774ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಪುಸ್ತಕ ಬರೆದರು. ಬ್ರಿಸ್ಟಲ್ ಎಂದರೆ ಆ ವ್ಯಾಪಾರದ ಹಡಗುಗಳು ಹೊರಡುವ ಬಂದರು, ಅವರದೇ ಮಂದಿರ ಇದ್ದ ಊರು.

ಎರಡನೆಯ ಮಾತಿನಲ್ಲೂ ಉಳಿಸುವುದು ಅಂದರೆ ಕೂಡಿಡುವುದಲ್ಲ, ಬೇಡದ್ದಕ್ಕೆ ಸುರಿಯದಿರುವುದು. ಹಾಗಂತ ಹೆಂಡತಿ ಮಕ್ಕಳನ್ನು ಉಪವಾಸ ಕೆಡವಿ ದಾನ ಮಾಡಲಿಕ್ಕೆ ಅವರು ಹೇಳಲಿಲ್ಲ. ಮೊದಲು ಸಾಲ ತೀರಿಸಬೇಕು, ಮನೆಯವರಿಗೆ ಊಟ ಬಟ್ಟೆ ಆಗಬೇಕು, ಕಸುಬಿಗೆ ಬಂಡವಾಳ ಇರಬೇಕು, ತಾನು ಸತ್ತರೆ ಮಕ್ಕಳು ದುಡಿದು ತಿನ್ನುವ ಹಾಗೆ ಏರ್ಪಾಡು ಆಗಬೇಕು, ಆಮೇಲೆ ಉಳಿದದ್ದರ ಮಾತು.

ಇಲ್ಲಿ ಯಾರಾದರೂ ಕೇಳಿಯೇ ಕೇಳ್ತಾರೆ: ಅವರಿಗೇನು, ಮಕ್ಕಳಿಲ್ಲ, ತಂಗಿ ಮದುವೆ ಇಲ್ಲ, ಊರಲ್ಲಿ ಅರ್ಧ ಕಟ್ಟಿದ ಮನೆ ಇಲ್ಲ. ಸರಿಯಾದ ಪ್ರಶ್ನೆಯೇ. ಉತ್ತರ ಅವರ ತಮ್ಮನ ಮದುವೆಯಲ್ಲಿ ಉಂಟು. 1749ರಲ್ಲಿ ಚಾರ್ಲ್ಸ್ ಮದುವೆ ನಿಶ್ಚಯ ಆದಾಗ ಹುಡುಗಿಯ ತಾಯಿ, ವರ್ಷಕ್ಕೆ 100 ಪೌಂಡ್ ಆದಾಯ ಖಾತ್ರಿ ಆಗಬೇಕು ಎಂದರು. ತಾನು 28 ಪೌಂಡಿನಲ್ಲಿ ಬದುಕಿದವನು, ನಿನಗೇಕೆ ನೂರು ಎಂದು ಜಾನ್ ಕೇಳಲಿಲ್ಲ. ಪುಸ್ತಕ ಮಾರಾಟದ ಹಣದಿಂದ ಅದನ್ನು ಕೊಡುವುದಾಗಿ ಬರೆದುಕೊಟ್ಟರು. ತನ್ನ ಮಿತಿಯನ್ನು ಇನ್ನೊಬ್ಬರ ತಲೆಗೆ ಕಟ್ಟಲಿಲ್ಲ.

ತಮ್ಮ ಸ್ವಂತ ಮದುವೆಯಲ್ಲಿ ಮಾತ್ರ ಲೆಕ್ಕ ತಪ್ಪಿತು. 1751ರಲ್ಲಿ, 47ನೇ ವಯಸ್ಸಿನಲ್ಲಿ, ಮೇರಿ ವಾಝೀಲ್ ಎಂಬ ವ್ಯಾಪಾರಿಯ ವಿಧವೆಯನ್ನು ಮದುವೆಯಾದರು. ಆಕೆಯ ಹಣ ದೊಡ್ಡದಿತ್ತು, ಅದನ್ನೆಲ್ಲ ಆಕೆಗೂ ಮಕ್ಕಳಿಗೂ ಬರೆಸಿಟ್ಟು ತಾವು ಮುಟ್ಟಲಿಲ್ಲ. ಹಣದ ವಿಷಯದಲ್ಲಿ ಅಷ್ಟು ಶುದ್ಧ. ಸಮಯದ ವಿಷಯದಲ್ಲಿ? ಮದುವೆಯಾದ ಬೋಧಕ ಮೊದಲಿಗಿಂತ ಒಂದು ದಿನ ಕಡಿಮೆ ತಿರುಗಿದರೂ ತಪ್ಪು ಎಂಬ ಅರ್ಥದಲ್ಲಿ ಮದುವೆಯಾದ ತಿಂಗಳೊಪ್ಪತ್ತಿನಲ್ಲೇ ಬರೆದುಕೊಂಡರು. ಹಾಗೆಯೇ ನಡೆದರು. ಮೊದಮೊದಲು ಆಕೆ ಒಟ್ಟಿಗೆ ತಿರುಗಿದರು, ಆಮೇಲೆ ಸಾಕಾಯಿತು. ಇವರಿಗೆ ಬರುವ ಹೆಂಗಸರ ಪತ್ರಗಳನ್ನು ಒಡೆದು ಓದಿ ಅನುಮಾನಪಟ್ಟರು, ಜಗಳ ಆಯಿತು, ಬಿಟ್ಟು ಹೋದರು, ಬಂದರು, ಮತ್ತೆ ಹೋದರು. 1781ರಲ್ಲಿ ಆಕೆ ತೀರಿಹೋದ ಸುದ್ದಿ ವೆಸ್ಲಿಯವರಿಗೆ ತಲುಪುವಾಗ ಹೂಳಿ ಆಗಿತ್ತು. ಆಕೆಯದ್ದೇ ತಪ್ಪು ಅಂತ ಬರೆಯುವ ಭಕ್ತರು ಬಹಳ ಇದ್ದಾರೆ. ವರ್ಷಕ್ಕೊಮ್ಮೆ ಒಂದು ತಿಂಗಳು ಊರಿಗೆ ಹೋಗುವ ನಾವು ಅಷ್ಟು ಸುಲಭದಲ್ಲಿ ಹಾಗೆ ಹೇಳಬಾರದು.

ತಿರುಗಾಟ ಅಂದರೆ ಎಂಥ ತಿರುಗಾಟ! ಐವತ್ತು ವರ್ಷದಲ್ಲಿ ಸುಮಾರು ಎರಡೂವರೆ ಲಕ್ಷ ಮೈಲು, ಹೆಚ್ಚಿನದ್ದು ಕುದುರೆ ಮೇಲೆ, ಲಗಾಮು ಸಡಿಲ ಬಿಟ್ಟು ಪುಸ್ತಕ ಓದುತ್ತಾ. ಪ್ರಸಂಗಗಳು 40 ಸಾವಿರ ಅಂತ ಲೆಕ್ಕ. ನಡುವೆ ಬರೆದ ಸಣ್ಣ ಸಣ್ಣ ಪುಸ್ತಕಗಳನ್ನು ಬಡವರಿಗೆ ಸಿಗಲಿ ಅಂತ ಅಗ್ಗಕ್ಕೆ ಮಾರಿಸಿದರು. ಮನೆಮದ್ದಿನ ಒಂದು ಪುಸ್ತಕವಂತೂ ಮತ್ತೆ ಮತ್ತೆ ಅಚ್ಚಾಯಿತು. ಅಗ್ಗದ ಪುಸ್ತಕ ರಾಶಿ ರಾಶಿ ಹೋದವು, ತಮಗೇ ಗೊತ್ತಾಗದೆ ಅವರು ಶ್ರೀಮಂತರಾದರು. ಕೊನೆಗಾಲದಲ್ಲಿ ವರ್ಷಕ್ಕೆ ಅವರು ಕೊಟ್ಟದ್ದೇ ಸಾವಿರ ಪೌಂಡ್ ದಾಟಿದ್ದುಂಟು. ಬೆಲೆ ಏರಿದ್ದರಿಂದ ಹಳೆಯ 28 ಪೌಂಡಿನಲ್ಲೇ ನಿಲ್ಲಲಿಕ್ಕೆ ಆಗದಿರಬಹುದು, ಆದರೆ ಪದ್ಧತಿ ಅದೇ.

1776ರಲ್ಲಿ ಸರಕಾರದ ತೆರಿಗೆ ಕಚೇರಿಯಿಂದ ನೋಟೀಸು ಬಂತು. ಬೆಳ್ಳಿ ಪಾತ್ರೆಗಳಿಗೆ ತೆರಿಗೆ ಇತ್ತು. ಇಷ್ಟು ದೊಡ್ಡ ಮನುಷ್ಯ ಬೆಳ್ಳಿ ಇಲ್ಲದೆ ಇರುತ್ತಾರಾ, ಬಚ್ಚಿಟ್ಟಿರಬೇಕು ಅಂತ ಅವರ ಅನುಮಾನ. ವೆಸ್ಲಿಯವರ ಉತ್ತರ ಎರಡು ಸಾಲಿನದ್ದು. ಲಂಡನಿನಲ್ಲಿ ಎರಡು ಬೆಳ್ಳಿ ಚಮಚ, ಬ್ರಿಸ್ಟಲಿನಲ್ಲಿ ಎರಡು, ಇಷ್ಟೇ ಇರುವುದು, ಸುತ್ತ ಇಷ್ಟು ಜನ ರೊಟ್ಟಿಗೆ ಪರದಾಡುವಾಗ ಇನ್ನು ಹೆಚ್ಚು ಕೊಳ್ಳುವುದಿಲ್ಲ ಎಂಬುದು ಅದರ ತಾತ್ಪರ್ಯ. ತೆರಿಗೆ ಕಚೇರಿಗೆ ಇಷ್ಟು ಚೊಕ್ಕ ಡಿಕ್ಲರೇಷನ್ ನಾನು ಬೇರೆ ಕಂಡದ್ದಿಲ್ಲ.

ಮುದಿ ವಯಸ್ಸಿನಲ್ಲಿ ಅವರನ್ನು ಕಾಡಿದ್ದು ವಿರೋಧಿಗಳಲ್ಲ, ತಮ್ಮವರೇ. ಗಣಿಯ ಕೂಲಿ, ನೇಕಾರ, ಕುಡುಕ ಎಲ್ಲರೂ ಸಭೆಗೆ ಬಂದರು. ಕುಡಿತ ಬಿಟ್ಟರು, ಹೊತ್ತಿಗೆ ಸರಿಯಾಗಿ ಎದ್ದರು, ನಿಯತ್ತಿನಿಂದ ದುಡಿದರು. ಹಾಗೆ ಮಾಡಿದವನ ಕೈಯಲ್ಲಿ ನಾಲ್ಕು ಕಾಸು ಉಳಿಯಲೇಬೇಕು. ಮೂವತ್ತು ನಲವತ್ತು ವರ್ಷದಲ್ಲಿ ಅವರು ಅಂಗಡಿ ಇಟ್ಟರು, ಮನೆ ಕಟ್ಟಿದರು, ರೇಷ್ಮೆ ಉಟ್ಟರು, ಚಿನ್ನ ಹಾಕಿದರು. ಐದು ಗಂಟೆಯ ಪ್ರಾರ್ಥನೆಗೆ ಬರುವುದು ಕಡಿಮೆಯಾಯಿತು. 1786ರಲ್ಲಿ ಬರೆದ ಒಂದು ಲೇಖನದಲ್ಲಿ ವೆಸ್ಲಿ ಇದರ ಸರಪಳಿಯನ್ನು ಬಿಡಿಸಿ ತೋರಿಸಿದರು. ನಿಜವಾದ ಭಕ್ತಿ ಇದ್ದಲ್ಲಿ ದುಡಿಮೆ, ಮಿತವ್ಯಯ ಬಂದೇ ಬರ್ತದೆ. ಅದರಿಂದ ಐಶ್ವರ್ಯ ಬರ್ತದೆ. ಐಶ್ವರ್ಯದಿಂದ ಗರ್ವ, ಲೋಕದ ಆಸೆ ಬೆಳೆದು ಭಕ್ತಿ ಸೋರಿ ಹೋಗ್ತದೆ. ಅಂದರೆ ಭಕ್ತಿಯೇ ತನ್ನನ್ನು ಕೊಲ್ಲುವ ಮರಿಯನ್ನು ಹಾಕ್ತದೆ. ದುಡಿಯಬೇಡ ಅಂತ ಹೇಳಲಿಕ್ಕಾಗುವುದಿಲ್ಲ, ಉಳಿಸಬೇಡ ಅಂತಲೂ ಹೇಳಲಿಕ್ಕಾಗುವುದಿಲ್ಲ. ಕೊಡುವುದೊಂದೇ ಬಾಗಿಲು ಅಂತ ಅವರು ತೋರಿಸಿದರು. ಜರ್ಮನಿಯ ಮ್ಯಾಕ್ಸ್ ವೆಬರ್ ಮುಂದೆ ಬಂಡವಾಳಶಾಹಿಯ ಬಗ್ಗೆ ಬರೆಯುವಾಗ ಈ ಭಾಗವನ್ನು ಎತ್ತಿಕೊಂಡಿದ್ದಾರೆ. ಕೊನೆಯ ಹತ್ತು ವರ್ಷದಲ್ಲಿ ವೆಸ್ಲಿ ಐಶ್ವರ್ಯದ ಅಪಾಯದ ಮೇಲೆ ಮತ್ತೆ ಮತ್ತೆ ಪ್ರಸಂಗ ಬರೆದರು. ಮೊದಲ ಎರಡು ಮಾತನ್ನು ಪಾಲಿಸಿದವರು ಬೇಕಾದಷ್ಟು ಮಂದಿ, ಮೂರನೆಯದನ್ನು ಪಾಲಿಸಿದವರು ಬೆರಳೆಣಿಕೆ ಎಂಬ ಕೊರಗು ಅವುಗಳಲ್ಲಿ ತುಂಬಿಕೊಂಡಿದೆ. ಜನ ಅವರನ್ನು ಪ್ರೀತಿಸಿದರು, ಅವರ ಚಿತ್ರ ಗೋಡೆಗೆ ಹಾಕಿದರು, ಈ ಮಾತೊಂದನ್ನು ಕೇಳಲಿಲ್ಲ.

ಅವರು ಮಾತ್ರ ನಿಲ್ಲಿಸಲಿಲ್ಲ. 1785ರ ಜನವರಿಯಲ್ಲಿ, 81ನೇ ವಯಸ್ಸಿನಲ್ಲಿ, ಲಂಡನಿನ ಬಡವರಿಗೆ ಎಂದಿನಂತೆ ಕಲ್ಲಿದ್ದಲು, ರೊಟ್ಟಿ ಹಂಚುವಾಗ ಅವರ ಮೈಮೇಲೆ ಬಟ್ಟೆ ಇಲ್ಲದ್ದನ್ನು ಕಂಡರು. ಐದು ದಿನ ಬೀದಿ ಬೀದಿ ಕಾಲ್ನಡಿಗೆಯಲ್ಲಿ ತಿರುಗಿ 200 ಪೌಂಡ್ ಬೇಡಿ ತಂದರು. ಹಿಮ ಕರಗಿ ಬೀದಿಯಲ್ಲಿ ಕಣಕಾಲು ಮುಳುಗುವಷ್ಟು ನೀರು. ಬೆಳಗ್ಗಿನಿಂದ ಸಂಜೆ ತನಕ ಪಾದ ಹಿಮದ ನೀರಿನಲ್ಲೇ. ಕೊನೆಗೆ ಜೋರು ಭೇದಿ ಹಿಡಿದು ಹಾಸಿಗೆ ಹಿಡಿದರು. ಐವತ್ತು ವರ್ಷದ ಹಿಂದೆ ತೆಳು ಬಟ್ಟೆಯಲ್ಲಿ ನಡುಗುತ್ತಾ ಕೋಣೆಗೆ ಬಂದ ಆ ಹುಡುಗಿಯ ಲೆಕ್ಕ ಅವರಲ್ಲಿ ಇನ್ನೂ ತೆರೆದೇ ಇತ್ತು ಅಂತ ನನಗೆ ಅನಿಸ್ತದೆ.

1790ರ ಜುಲೈ 16ರಂದು ಖರ್ಚಿನ ಪುಸ್ತಕದಲ್ಲಿ ಕೊನೆಯ ಬರಹ ಬರೆದರು. ಕೈ ನಡುಗಿ ಅಕ್ಷರ ಓದಲಿಕ್ಕೆ ಕಷ್ಟ. ಇನ್ನು ಲೆಕ್ಕ ಬರೆಯುವುದಿಲ್ಲ, ಉಳಿಸಬಹುದಾದಷ್ಟು ಉಳಿಸಿದ್ದೇನೆ, ಇದ್ದದ್ದನ್ನೆಲ್ಲ ಕೊಟ್ಟಿದ್ದೇನೆ ಎಂಬ ತೃಪ್ತಿ ಉಂಟು ಎನ್ನುವುದು ಅದರ ಸಾರ. ಮರುವರ್ಷ ಫೆಬ್ರವರಿ 24ರಂದು ಗುಲಾಮಗಿರಿಯ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್ ಅವರಿಗೆ ಧೈರ್ಯ ತುಂಬಿ ಪತ್ರ ಬರೆದರು. ಮಾರ್ಚ್ 2ರಂದು, 1791ರಲ್ಲಿ, ಲಂಡನಿನ ಸಿಟಿ ರೋಡಿನ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ 87 ವರ್ಷ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಮೆಥಡಿಸ್ಟರ ಸಂಖ್ಯೆ 70 ಸಾವಿರ ದಾಟಿತ್ತು.

ಹಿಂದೆ 1744ರ ಸುಮಾರಿಗೆ ಅವರು ಒಂದು ಸವಾಲು ಹಾಕಿದ್ದರು. ಸಾಲ ತೀರಿಸಿ ಹತ್ತು ಪೌಂಡಿಗಿಂತ ಹೆಚ್ಚು ನಾನು ಬಿಟ್ಟು ಸತ್ತರೆ ನೀವೆಲ್ಲ ನನ್ನನ್ನು ಕಳ್ಳ ಎಂದು ಕರೆಯಿರಿ ಎಂಬಂಥ ಸವಾಲು. ಉಯಿಲು ತೆರೆದಾಗ ಪುಸ್ತಕಗಳ ದಾಸ್ತಾನನ್ನು ಸಭೆಯ ಕೆಲಸಕ್ಕೆ ಟ್ರಸ್ಟಿಗೆ ಬಿಟ್ಟಿದ್ದರು. ಕಿಸೆಯಲ್ಲಿ, ಮೇಜಿನ ಖಾನೆಯಲ್ಲಿ ಸಿಕ್ಕಿದ ಚಿಲ್ಲರೆಯನ್ನು ನಾಲ್ಕು ಬೋಧಕರಿಗೆ ಹಂಚಲಿಕ್ಕೆ ಬರೆದಿದ್ದರು. ಶವಯಾತ್ರೆಗೆ ಗಾಡಿ ಬೇಡ, ಕುದುರೆ ಸಾರೋಟು ಬೇಡ, ಆಡಂಬರ ಬೇಡ. ಹೊತ್ತುಕೊಂಡು ಹೋಗಲಿಕ್ಕೆ ಆರು ಮಂದಿ ಬಡವರು ಸಾಕು, ಅವರಿಗೆ ತಲೆಗೆ 20 ಶಿಲ್ಲಿಂಗ್ ಕೊಡಬೇಕು. ಜನ ಸೇರಿ ನೂಕುನುಗ್ಗಲು ಆಗುತ್ತದೆ ಅಂತ ಹೆದರಿ ಮಾರ್ಚ್ 9ರಂದು ಬೆಳಕು ಹರಿಯುವ ಮೊದಲೇ ಸಿಟಿ ರೋಡ್ ಚ್ಯಾಪೆಲಿನ ಹಿಂದಿನ ಅಂಗಳದಲ್ಲಿ ಮಣ್ಣು ಮಾಡಿದರು.